ಒಂಬತ್ತನೇ ಫಾರಂ

ನನ್ನ ಕಾಲು ನೆಲದಿಂದ ಒಂದು ಅಡಿ ಮೇಲಿತ್ತು.

ಕುತ್ತಿಗೆ ಅವನ ಕೈಯಲ್ಲಿತ್ತು. ಫ್ರಿಜ್ಜಿನಲ್ಲಿಟ್ಟ ಸ್ಪ್ಯಾನರ್‌ನಂಥ ಕೈ!

"ಪುಸ್ತಕ ಕೆಳಗಿಡು, ಮುದುಕ," ಎಂದ.

ನೋಡಲು ಹತ್ತೊಂಬತ್ತು. ನಿಜವಾದ ವಯಸ್ಸು ಇನ್ನೂರ ಹದಿನಾರು. ನನ್ನನ್ನು ಮುದುಕ ಅನ್ನುತ್ತಾನೆ!

"ಬಿಡೋ ಅವರನ್ನ!" ನನ್ನ ಮಗಳು ಕಿರುಚಿದಳು. "ನಮ್ಮಪ್ಪ ಕಣೋ ಅದು!"

ಬಿಟ್ಟ. ಗೋಂದಿನ ಡಬ್ಬದ ಪಕ್ಕದಲ್ಲಿ ಮೂಟೆಯ ಹಾಗೆ ಬಿದ್ದೆ. ಪುಸ್ತಕ ಮಾತ್ರ ಬಿಡಲಿಲ್ಲ.

ನಿಮಗೆ ಮೊದಲಿನಿಂದ ಹೇಳಬೇಕು.

ನಾನು ಬೈಂಡರ್. ಮೂವತ್ತು ವರ್ಷದಿಂದ ಒಂದೇ ಪ್ರೆಸ್ಸು. ದೊಡ್ಡ ಹಾಳೆಯನ್ನು ಹದಿನಾರು ಪುಟವಾಗಿ ಮಡಚಿದರೆ ಅದಕ್ಕೆ ಫಾರಂ ಅನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಒಂದು ಫಾರಂ ಬಿಟ್ಟುಹೋದರೆ... ಕತೆಯಲ್ಲಿ ತೂತು. ಆ ತೂತಿನಿಂದ ಪಾತ್ರಗಳು ಆಚೆ ಬರುತ್ತವೆ!

ನಗಬೇಡಿ. ಇಬ್ಬರು ಕಳ್ಳರು, ಒಬ್ಬ ಮಹಾರಾಜ, ಒಂದು ಮಾತಾಡುವ ಕತ್ತೆ... ಎಲ್ಲರನ್ನೂ ಹಿಡಿದು, ಬಿಟ್ಟುಹೋದ ಫಾರಂ ಹೊಲಿದು ಒಳಗೆ ಕಳಿಸಿದವನು ನಾನೇ. ಥ್ಯಾಂಕ್ಸ್ ಹೇಳಿದ್ದು ಕತ್ತೆ ಒಂದೇ.

ಮಿಕ್ಕಿ ಉಳಿದ ಫಾರಮ್ಮೇ ಬೇಕು, ನೆನಪಿಡಿ. ಬೇರೆ ಪ್ರತಿಯಿಂದ ಕಿತ್ತು ಹೊಲಿದರೆ ಅಲ್ಲಿ ಇನ್ನೊಂದು ತೂತು, ಅಲ್ಲಿಂದ ಇನ್ನೊಬ್ಬ.

ಈ ಸಲದ್ದು ವ್ಯಾಂಪೈರ್ ಪ್ರೇಮಕತೆ. ಕಾಲೇಜು ಹುಡುಗಿಯರು ದಿಂಬಿನ ಕೆಳಗೆ ಇಟ್ಟುಕೊಳ್ಳುವಂಥದ್ದು. ಹೀರೋ ರಕ್ತ ಕುಡಿಯುತ್ತಾನೆ. ಕುಡಿಯುವ ಮುಂಚೆ ಕವಿತೆ ಹೇಳುತ್ತಾನೆ. ಯಾವುದು ಹೆಚ್ಚು ಹಿಂಸೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಜೋಡಿಸಿದ ದಿನ ಒಂಬತ್ತನೇ ಫಾರಂ ಒಂದು ಮಿಕ್ಕಿತು. ಅಂದರೆ ಎಲ್ಲೋ ಒಂದು ಪ್ರತಿಯಲ್ಲಿ ಅದು ಇಲ್ಲ. ಸಾವಿರ ಪ್ರತಿ ತಿರುವಿ ನೋಡಬೇಕಿತ್ತು. ಸೊಂಟ ನೋಯುತ್ತಿತ್ತು. ಫಾರಮ್ಮನ್ನು ಪ್ರೆಸ್ಸಿನ ಗೋಡೌನಿನಲ್ಲಿ ಗೋಂದಿನ ಡಬ್ಬದ ಕೆಳಗೆ ಹಾಸಿದೆ. ಹೊರಡುವಾಗ ಮಗಳಿಗೆಂದು ಒಂದು ಪ್ರತಿ ಎತ್ತಿಕೊಂಡೆ. ರಟ್ಟು ಸೊಟ್ಟಗಿತ್ತು. ಸೊಟ್ಟ ಪ್ರತಿ ಕೆಲಸಗಾರರಿಗೆ... ನಮ್ಮಲ್ಲಿ ಅದೇ ರೂಢಿ.

ಸಾವಿರದಲ್ಲಿ ಅದೇ ಒಂದು!

ಮೂರು ದಿನ ಮಗಳು ಕೋಣೆಯ ಕಿಟಕಿ ತೆರೆಯಲಿಲ್ಲ. ಪರೀಕ್ಷೆ ಅಂದಳು. ಪರೀಕ್ಷೆಗೆ ಓದುವವರು ಸೆಂಟ್ ಹಾಕಿಕೊಳ್ಳುತ್ತಾರೆಯೇ? ಅವಳಮ್ಮ ಬದುಕಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದಳು. ನಾನು ಅಪ್ಪ. ಊಟ ತಟ್ಟೆಯಲ್ಲೇ ಉಳಿಯಿತು ಅಂತ ಮಾತ್ರ ನೋಡಿದೆ.

ನಾಲ್ಕನೇ ದಿನ, ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಮಗಳು. ಪಕ್ಕದಲ್ಲಿ ರೇನ್‌ಕೋಟು, ಹೆಲ್ಮೆಟ್ಟು, ಗ್ಲೌಸು ಹಾಕಿಕೊಂಡ ಒಬ್ಬ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ!

"ನಿಲ್ಲೇ!"

ಓಡಿದರು. ಬಸ್ ಸ್ಟ್ಯಾಂಡ್ ದಾಟಿ, ಗ್ಯಾರೇಜಿನ ಟೈರುಗಳ ನಡುವೆ ನುಗ್ಗಿ... ಅವನು ಅವಳನ್ನು ಎತ್ತಿಕೊಂಡು ಹತ್ತಡಿ ಗೋಡೆ ಹಾರಿದ. ನನಗೆ ಐವತ್ತೆಂಟು. ನಾನು ಗೇಟಿನಿಂದ ಹೋದೆ.

ಅಷ್ಟರಲ್ಲಿ ಮಾಯ.

ಎಲ್ಲಿಗೆ ಹೋಗಿರುತ್ತಾರೆ? ಅವನಿಗೆ ಕಿಟಕಿಯಿಲ್ಲದ ಜಾಗ ಬೇಕು. ಅವಳಿಗೆ ಪುಸ್ತಕ ಬಚ್ಚಿಡುವ ಜಾಗ ಬೇಕು. ಪುಸ್ತಕ ಬಚ್ಚಿಡಲು ಪುಸ್ತಕದ ರಾಶಿಗಿಂತ ಒಳ್ಳೆಯದು ಇನ್ಯಾವುದು? ಬೈಂಡರನ ಮಗಳಲ್ಲವೇ! ಅಂದು ಪ್ರೆಸ್ಸಿಗೆ ವಾರದ ರಜೆ. ಗೋಡೌನಿನ ಕೀಲಿ ಮನೆಯ ಮೊಳೆಯಲ್ಲಿ ಇರಲಿಲ್ಲ.

ಶಟರ್ ಅರ್ಧ ಎಳೆದಿತ್ತು. ನುಸುಳಿದೆ. ಅವರು ಕತ್ತಲೆಯ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದರು. ಅವನು ಹೆಲ್ಮೆಟ್ಟು, ಗ್ಲೌಸು ಕಳಚಿಟ್ಟಿದ್ದ. ನಾನು ರಾಶಿಗಳ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತ ಹೋದೆ. ಎಂಟು ಹಾಳೆ ಕಡಿಮೆಯಿದ್ದರೆ ಕಣ್ಣಿಗೆ ಕಾಣಿಸದು, ಬೆರಳಿಗೆ ಗೊತ್ತಾಗುತ್ತದೆ. ಆರನೇ ರಾಶಿಯಲ್ಲಿ ಸಿಕ್ಕಿತು.

ಸಿಕ್ಕ ಕ್ಷಣವೇ ಹಿಂದಿನಿಂದ ಆ ತಣ್ಣನೆಯ ಕೈ... ಮುಂದಿನದು ಹೇಳಿದ್ದೇನೆ.

"ಕೊಡಪ್ಪ ಪುಸ್ತಕ," ಎಂದಳು ಮಗಳು.

"ಕೊಡಲ್ಲ. ಇವನು ನಿನ್ನ ಕಚ್ತಾನೆ."

"ಕಚ್ಚಲ್ಲ! ನನಗೆ ಮಾತು ಕೊಟ್ಟಿದಾನೆ."

"ನೂರಾ ಇಪ್ಪತ್ತೆಂಟನೇ ಪುಟದ ಕೊನೆ ಸಾಲು ಓದಿದ್ಯಾ? 'ಅವಳ ಕುತ್ತಿಗೆಯನ್ನೇ ನೆನೆಯುತ್ತ ಅವನು ಬಾಗಿಲು ತೆರೆದ.' ಆ ಬಾಗಿಲಿಂದಲೇ ನಮ್ಮನೆಗೆ ಬಂದಿರೋದು! ಅದೇ ಹಸಿವಲ್ಲಿ ನಿಂತಿದಾನೆ. ಕಚ್ಚಲ್ಲ ಅಂತ ಆಣೆ ಮಾಡೋದು ಮುಂದಿನ ಫಾರಮ್ಮಲ್ಲಿ."

"ಆಮೇಲೆ ಏನಾಗುತ್ತೆ ಅಂತ ನನಗೂ ಗೊತ್ತು."

ಗೊತ್ತಿರದೇ ಏನು? ಅವಳ ಪ್ರತಿಯಲ್ಲಿ ನೂರಾ ಇಪ್ಪತ್ತೆಂಟಾದ ಮೇಲೆ ನೂರಾ ನಲವತ್ತೈದು. ಅಲ್ಲಿ ಕತೆಯ ಹುಡುಗಿ ಅಂಗಳದಲ್ಲಿ ಕೂತು ಅವನ ಬೂದಿ ಗುಡಿಸುತ್ತಿರುತ್ತಾಳೆ. ಒಂಬತ್ತನೇ ಫಾರಮ್ಮಿನಲ್ಲಿ ಅವನು ಆಣೆ ಮಾಡುತ್ತಾನೆ. ಹಸಿವು ತಡೆಯಲಾರದೆ, ಆಣೆ ಮುರಿಯಲಾರದೆ, ನಡು ಹಗಲಿನ ಬಿಸಿಲಿಗೆ ನಡೆದು ಹೋಗುತ್ತಾನೆ.

ಹೊಲಿದರೆ ಅವನು. ಹೊಲಿಯದಿದ್ದರೆ ನನ್ನ ಮಗಳು.

ಅವನಿಗೆ ಮಾತ್ರ ಏನೂ ಗೊತ್ತಿಲ್ಲ. ಪಾತ್ರಗಳ ಕಣ್ಣಿಗೆ ಮುಂದಿನ ಪುಟ ಯಾವಾಗಲೂ ಖಾಲಿ.

ಮಗಳು ಪುಸ್ತಕ ಕಿತ್ತುಕೊಳ್ಳಲು ನುಗ್ಗಿದಳು. ನಾನು ಎಳೆದೆ. ಹಾಳೆಯ ಅಂಚು ಅವಳ ಬೆರಳನ್ನು ಕುಯ್ದಿತು.

ಒಂದು ಹನಿ. ಒಂದೇ ಒಂದು ಹನಿ...

ಅವನು ಅವಳ ಬೆರಳನ್ನೇ ನೋಡಿದ. ಹಲ್ಲು ಹೊರಬಂದಿತ್ತು. ಕವಿತೆ ಹೇಳುವ ಲಕ್ಷಣ ಕಾಣಲಿಲ್ಲ.

"ಇಲ್ಲಿ ಬಾ," ಎಂದ ಅವಳಿಗೆ. ಅದು ಪ್ರೇಮಿಯ ದನಿಯಲ್ಲ.

"ಏಯ್, ಮುಂದಿನ ಪುಟ ಬೇಡ್ವಾ ನಿಂಗೆ?" ಕೂಗಿದೆ. ಡಬ್ಬದ ಕೆಳಗಿನಿಂದ ಫಾರಂ ಎಳೆದು ಎತ್ತಿ ಹಿಡಿದೆ.

ತಿರುಗಿದ. "ಏನಿದೆ ಅದರಲ್ಲಿ?"

"ಮದುವೆ."

"ಯಾರದು?"

"ನಿಂದೇ ಕಣೋ." ಗಲ್ಲ ಎತ್ತಿ ಮಗಳನ್ನು ತೋರಿಸಿದೆ. "ಇವಳ ಜೊತೆ."

ಇನ್ನೂರ ಹದಿನಾರು ವರ್ಷ ಬದುಕಿದವನು! ಕಂಡವರ ಮನೆಯ ಹುಡುಗಿ ತನ್ನ ಪುಸ್ತಕದೊಳಗೆ ಹೇಗೆ ಬಂದಾಳು ಅಂತ ಕೇಳಬೇಡವೇ? ಕೇಳಲಿಲ್ಲ. ಹಲ್ಲು ಮೆಲ್ಲಗೆ ಒಳಗೆ ಸರಿಯಿತು. ಅವಳ ಕಡೆ ನೋಡಿದ.

"ನಿಜವಾ?"

ಅವಳು ಬಾಯಿ ತೆರೆದಳು. 'ಸುಳ್ಳು' ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ರಕ್ತದ ಬೆರಳನ್ನು ಬೆನ್ನ ಹಿಂದೆ ಅಡಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು.

"ದಾರ ಹಿಡ್ಕೋ," ಎಂದೆ ಅವನಿಗೆ.

ಹಿಡಿದ. ಸೂಜಿ ಮೂರು ತೂತು ದಾಟಿತು. ಮೂವತ್ತು ವರ್ಷದ ಅಭ್ಯಾಸ.

"ಬಿಗಿಯಾಗಿ ಹೊಲೀರಿ, ಮಾವ," ಎಂದ. ಮದುಮಗನ ಹಾಗೆ ನಾಚಿಕೊಂಡಿದ್ದ.

ಗಂಟು ಹಾಕಿದೆ.

ರೇನ್‌ಕೋಟು ನೆಲಕ್ಕೆ ಬಿತ್ತು. ಒಳಗೆ ಯಾರೂ ಇರಲಿಲ್ಲ.

ಮಗಳು ಅಳಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು. ಕಾಲೇಜೂ ಬಿಟ್ಟಳು. ನಮ್ಮ ಪ್ರೆಸ್ಸಿನಲ್ಲೇ ಫಾರಂ ಜೋಡಿಸುವ ಕೆಲಸ ಕೇಳಿ ಸೇರಿಕೊಂಡಳು. "ನಿಮಗಿಂತ ನಿಮ್ಮ ಮಗಳ ಕೈ ಚುರುಕು ಕಣ್ರೀ," ಅಂತ ಮಾಲೀಕರಿಗೆ ಖುಷಿಯೋ ಖುಷಿ.

ನಾಲ್ಕು ತಿಂಗಳಾಯಿತು. ನಿನ್ನೆ ಅದೇ ಪುಸ್ತಕದ ಎರಡನೇ ಮುದ್ರಣ ಮುಗಿಯಿತು. ಮತ್ತೆ ಸಾವಿರ ಪ್ರತಿ. ಜೋಡಿಸಿದವಳು ಅವಳು. ಟೇಬಲ್ ಮೇಲೆ ಒಂಬತ್ತನೇ ಫಾರಂ ಒಂದು ಮಿಕ್ಕಿತ್ತು.

ನಾನು ಕೈ ಚಾಚುವ ಮೊದಲೇ ಅವಳು ಕಡ್ಡಿ ಗೀರಿದಳು. ಹದಿನಾರು ಪುಟ ಉರಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳ ಬ್ಯಾಗಿನಲ್ಲಿ ತೆಳ್ಳಗಿನದೊಂದು ಪುಸ್ತಕವಿತ್ತು... ಮುಟ್ಟಿ ನೋಡದೆಯೂ ಗೊತ್ತಾಯಿತು.

ನಾಲ್ಕು ತಿಂಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಬೂದಿ ನಾನೇ ಗುಡಿಸ್ತೀನಿ, ಬಿಡಪ್ಪ."