ಟಿಟ್ಟಿಭ ಕೂಗಿದ ಕಡೆ

ಬೇಸಿಗೆಯಲ್ಲಿ ನಾನು ದಿನಾ ಬೆಳಿಗ್ಗೆ ಹೂಡಿಯ ಆಚೆಗಿನ ಜೌಗು ಕೆರೆಯ ಸುತ್ತ ನಡೆಯುತ್ತೇನೆ. ದಡದಲ್ಲಿ ನೆಗ್ಗಿಲು ಹಳದಿಯಾಗಿ ಅರಳಿರುತ್ತದೆ. ಬರೀ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿ, ಮನುಷ್ಯ ಹತ್ತಿರ ಬಂದರೆ ಅವನ ತಲೆಯ ಮೇಲೆ ಸುತ್ತುತ್ತಾ, ಅವನು ಹೋದಲ್ಲೆಲ್ಲ ಅರಚುತ್ತಾ ಹೋಗುತ್ತದೆ.

ಹೋದ ವರ್ಷ ನಮ್ಮ ಬಾಡಿಗೆ ಕೋಣೆಯಲ್ಲಿದ್ದ ಅಮರಪ್ಪ ಕೆಲಸಕ್ಕೆ ಅಡ್ಡದಾರಿಯೆಂದು ಈ ಕೆರೆಗೆ ಇಳಿದ. ಅವನದು ಎರೆಭೂಮಿಯ ಊರು; ಅಲ್ಲಿ ನೆಲ ಬಿರುಕು ಬಿಟ್ಟರೆ ಗಟ್ಟಿಯಾಯಿತೆಂದು ಅದರ ಮೇಲೆ ಗಾಡಿಯನ್ನೇ ಹೊಡೆಯುತ್ತಾರೆ. ಇಲ್ಲಿ ಬಿರುಕಿನ ಕೆಳಗೆ ಆಳುದ್ದ ಕೆಸರು. ಹೆಣ ಸಿಗಲಿಲ್ಲ.

ಈ ಬೇಸಿಗೆಯಲ್ಲಿ ಅವನ ಹೆಂಡತಿ ಹೊಳೆವ್ವ ಸೊಪ್ಪು ಕೀಳಲು ನನ್ನ ಜೊತೆ ಬಂದಿದ್ದಳು. ಕೆರೆಯ ನಡುವೆ ಟಿಟ್ಟಿಭಗಳು ಎದ್ದು ಅರಚತೊಡಗಿದವು. ಕೆಳಗೆ ಯಾರೂ ಇರಲಿಲ್ಲ. ಕೂಗು ಮಾತ್ರ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ನಮ್ಮ ಕಡೆ ಬರುತ್ತಿತ್ತು.

“ಅಜ್ಜಾ, ನಮ್ಮವ್ರು ಬರಾಕತ್ತಾರ್ರಿ,” ಎಂದು ಅವಳು ಬಿರುಕು ನೆಲಕ್ಕೆ ಕಾಲಿಟ್ಟಳು.

“ಬ್ಯಾಡ ಕಣವ್ವಾ, ನಿನ್ನೂ ನುಂಗ್ಬಿಡ್ತದೆ!”

ರಟ್ಟೆ ಹಿಡಿದು ಎಳೆದೆ. ಆ ಬಿಸಿಲಲ್ಲೂ ಅದು ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

ಹಕ್ಕಿಗಳು ನಮ್ಮ ನೆತ್ತಿಯ ಮೇಲೆ ಬಂದವು. ದಡದ ನೆಗ್ಗಿಲು ಒಂದೊಂದೇ ಪಾದದಗಲ ನೆಲಕ್ಕೆ ಒತ್ತಿಕೊಂಡಿತು. ಹಸಿ ಕೆಸರಿನ ವಾಸನೆ ನಮ್ಮಿಬ್ಬರ ನಡುವೆ ಬಂದು ನಿಂತಿತು.

“ಮನೀಗೆ ನಡೀರಿ,” ಎಂದಳು ಹೊಳೆವ್ವ. ಅದು ನನಗೆ ಹೇಳಿದ್ದಲ್ಲ.

ಅವಳು ತಿರುಗಿ ನೋಡದೆ ನಡೆದಳು. ಹಕ್ಕಿಗಳು ಅವಳ ಬೆನ್ನ ಹಿಂದೆಯೇ ಹೋದವು.

ಈಗ ಕೆರೆಯಲ್ಲಿ ಅವು ಕೂಗುವುದಿಲ್ಲ. ಹೊಳೆವ್ವ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದ ಮೇಲೂ, ಅವಳ ಕೋಣೆಯ ಮೇಲೆಯೇ ಸುತ್ತುತ್ತಾ ಅರಚುತ್ತವೆ.