ಮೊದಲು ಮತ್ತು ನಂತರ

ಅತ್ತೆ ಕಿರಿಸೊಸೆಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಾಗ, ತರಕಾರಿ ಹೆಚ್ಚುತ್ತಿದ್ದ ಹಿರಿಸೊಸೆಯ ಕೈ ತಾನಾಗಿ ನಿಂತಿತು. ಅಂಗಡಿಯಲ್ಲಿ ಹಣ್ಣು ಒತ್ತಿ ನೋಡುವವರ ಹಾಗೆ ಅತ್ತೆಯ ಹೆಬ್ಬೆರಳು ಕೆನ್ನೆಯನ್ನು ಒತ್ತಿತು, ಕಣ್ಣಿನ ಕೆಳಗಿನ ಕಪ್ಪನ್ನು ಎಳೆದು ನೋಡಿತು. ಹೆರಿಗೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಮಗು ಸರಿಯಾಗಿ ನಿದ್ದೆಗೊಡುತ್ತಿರಲಿಲ್ಲ. ಆ ಮುಖದಲ್ಲಿ ಕಾಂತಿ ಎಲ್ಲಿಂದ ಬರಬೇಕು?

"ಕೆನ್ನೆ ಜೋತುಬಿದ್ದಿದೆ. ನಾಳೆ ಬೆಳಗ್ಗೆ ಏನೂ ತಿನ್ನಬೇಡ, ನೀರೂ ಕುಡೀಬೇಡ. ನಿಮ್ಮ ಭಾವ ಎಲ್ಲಾ ಸರಿಮಾಡ್ತಾನೆ," ಎಂದರು ಅತ್ತೆ. ಕಿರಿಸೊಸೆ ತಲೆಯಾಡಿಸಿದಳು. ಆ ಮನೆಯಲ್ಲಿ ಅತ್ತೆಯ ಮಾತಿಗೆ ತಲೆಗಳು ಆಡುತ್ತಿದ್ದುದು ಒಂದೇ ದಿಕ್ಕಿಗೆ.

ಸೊಸೆಯರಿಬ್ಬರೂ ಒಡಹುಟ್ಟಿದವರು. ಅಣ್ಣತಮ್ಮಂದಿರಿಗೆ ಅಕ್ಕತಂಗಿಯರನ್ನೇ ತಂದುಕೊಂಡರೆ ಓರಗಿತ್ತಿಯರ ಜಗಳ ಇರುವುದಿಲ್ಲ ಎಂಬುದು ಅತ್ತೆಯ ಲೆಕ್ಕಾಚಾರ. ಹಿರಿಮಗ ಮುಖದ ಆಪರೇಷನ್ ಮಾಡುವ ಡಾಕ್ಟರು. ಕಿರಿಮಗ ಅಣ್ಣನ ಕ್ಲಿನಿಕ್ಕಿಗೆ ಮ್ಯಾನೇಜರು. ಕೆಳಗೆ ಕ್ಲಿನಿಕ್, ಮೇಲೆ ಮನೆ. ಶುರುವಿನಲ್ಲಿ ಡಾಕ್ಟರು ನೊಣ ಹೊಡೆಯುತ್ತ ಕೂತಿದ್ದರು. ನಂಬಿ ಬರುವವರಿಗೆ ತೋರಿಸಲು ಚೆಂದಮಾಡಿದ ಒಂದು ಮುಖವಾದರೂ ಬೇಕಲ್ಲ! ಆಗ ಅತ್ತೆಗೆ ಹೊಳೆಯಿತು. ಅಕ್ಕತಂಗಿಯರ ಹಣೆ, ಕಣ್ಣು, ತುಟಿ ಎಲ್ಲ ಒಂದೇ ಅಚ್ಚು. ಅಕ್ಕನಿಗೆ ಮಾತ್ರ ಅಪ್ಪನ ಅಗಲವಾದ ಮೂಗು, ಅದರ ನಡುವೆ ಒಂದು ಗಂಟು, ಗದ್ದವೂ ಚೂರು ಒಳಕ್ಕೆ. ಇಬ್ಬರಿಗೂ ಒಂದೇ ನೀಲಿ ಬಟ್ಟೆ ತೊಡಿಸಿ ಫೋಟೋ ತೆಗೆಸಿದರು. ಎಡಗಡೆ ಅಕ್ಕ, ಕೆಳಗೆ 'ಮೊದಲು'. ಬಲಗಡೆ ತಂಗಿ, ಕೆಳಗೆ 'ನಂತರ'. ಬೋರ್ಡು ಗೋಡೆ ಹತ್ತಿತು, ಜನ ಮುಗಿಬಿದ್ದರು.

ಅಂದಿನಿಂದ ಅಕ್ಕ ಮುಂದಿನ ಮೆಟ್ಟಿಲು ಇಳಿಯುವಂತಿರಲಿಲ್ಲ. ಇಬ್ಬರೂ ಜೊತೆಯಾಗಿ ಬೀದಿಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ತಂಗಿ ಕೆಳಗೆ ಕೌಂಟರಿನಲ್ಲಿ ಕೂತು ಬಂದವರಿಗೆಲ್ಲ ಮೂಗು ತೋರಿಸಬೇಕು. ಅಕ್ಕ ಮೇಲೆ ಒಲೆಯ ಮುಂದೆ. ಮನೆಯವರಿಗೆ ಅದೊಂದು ತಮಾಷೆ ಬೇರೆ. ಕಟ್ಟಿಕೊಂಡ ಗಂಡ, ಆ ಡಾಕ್ಟರೇ, ಅವಳನ್ನು 'ಮೊದಲು' ಎಂದು ಕೂಗುತ್ತಿದ್ದರು. ತನಗೂ ಆಪರೇಷನ್ ಮಾಡಿಬಿಡಿ ಎಂದು ಅವಳು ಒಮ್ಮೆ, ಒಂದೇ ಒಂದು ಸಲ, ಬಾಯಿಬಿಟ್ಟು ಕೇಳಿದ್ದಳು. ಡಾಕ್ಟರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿನಗೆ ಮಾಡಿಬಿಟ್ರೆ 'ಮೊದಲು' ಯಾರು ಆಗ್ತಾರೆ?" ಎಂದರು. ಅವತ್ತು ಅವಳು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಅವಳ ಓಡಾಟವೆಲ್ಲ ಹಿಂದಿನ ಮೆಟ್ಟಿಲಿನಲ್ಲಿ. ಆದರೆ ಅದೂ ಅವಳೊಬ್ಬಳಿಗೆ ಮೀಸಲಾಗಿರಲಿಲ್ಲ. ಆಪರೇಷನ್ ಕೆಟ್ಟವರನ್ನೂ ಮೈದುನ ಅಲ್ಲಿಂದಲೇ ಕರೆಸಿ, ಅಲ್ಲಿಂದಲೇ ಸಾಗಹಾಕುತ್ತಿದ್ದ. ಮುಂದಿನ ಬಾಗಿಲಿನವರು ಎಂದೂ ಕಾಣದ ಮುಖಗಳನ್ನು ಅವಳು ಕಂಡಿದ್ದಳು. ಹೋದ ವಾರ ಬಂದಿದ್ದವರು ಒಬ್ಬ ಟೀಚರು. ಕೆನ್ನೆ ಬಿಗಿಮಾಡಿಸಿಕೊಂಡಿದ್ದರಂತೆ, ಈಗ ಮಲಗಿದರೂ ಬಲಗಣ್ಣು ಮುಚ್ಚುವುದಿಲ್ಲವಂತೆ. ಮೆಟ್ಟಿಲ ಮೇಲೆ ಕುಸಿದು ಕೂತವರಿಗೆ ಹಿರಿಸೊಸೆ ನೀರು ತಂದುಕೊಟ್ಟಳು. ಟೀಚರು ಅವಳನ್ನೇ ದಿಟ್ಟಿಸಿದರು.

"ಬೋರ್ಡಿನಲ್ಲಿರೋದು ನೀವೇ ಅಲ್ವಾ? ಮೂಗು ಹಾಗೇ ಇದೆಯಲ್ಲ..."

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನಿಮ್ಮ ಮುಖ ನೋಡೇ ಧೈರ್ಯ ಮಾಡಿ ಮಲಗಿದೆನಮ್ಮ ನಾನು," ಎಂದು ಟೀಚರು ಲೋಟ ವಾಪಸು ಕೊಟ್ಟರು. ಎಡಗಣ್ಣಿನ ರೆಪ್ಪೆ ಬಡಿಯಿತು. ಬಲಗಣ್ಣು ತೆರೆದೇ ಇತ್ತು, ನೀರು ಸುರಿಯುತ್ತಲೇ ಇತ್ತು. ಅಯ್ಯೋ, ಆ ಕಣ್ಣು! ಅಂದಿನಿಂದ ಹಿರಿಸೊಸೆಗೆ ಒಗ್ಗರಣೆ ಹಾಕುವಾಗಲೂ ಬೆನ್ನ ಹಿಂದೆ ಅದು ತನ್ನನ್ನು ನೋಡುತ್ತಿದೆ ಅನಿಸುತ್ತಿತ್ತು. ಈಗ ತಂಗಿಗೆ ಮಾಡಲು ಹೊರಟಿರುವುದೂ ಅದೇ ಆಪರೇಷನ್.

ಸಂಜೆ ತಂಗಿ ಮಗುವಿನ ಬಟ್ಟೆ ಮಡಿಸುತ್ತಿದ್ದಾಗ ಅಕ್ಕ ಎಲ್ಲವನ್ನೂ ಹೇಳಿದಳು. ತಂಗಿ ಮಡಿಸುತ್ತಲೇ ಕೇಳಿದಳು. ಕೌಂಟರಿಗೆ ಬಂದವರು ತನ್ನ ಮುಖ ನೋಡಿ, ಮಾಡಿಸಿದ್ದು ಇಷ್ಟು ಬೇಗ ಇಳಿದುಹೋಯಿತೇ ಎಂದು ಕೇಳುತ್ತಾರೆ, ಗಂಡನೂ ಹಾಗೆಯೇ ನೋಡುತ್ತಾನೆ ಎಂದಳು. ಆಮೇಲೆ ಸಿಟ್ಟು ಬಂತು.

"ನಿನಗೇನಕ್ಕಾ? ನಿನ್ನ ಮುಖ ಕೆಟ್ರೂ ಕೇಳೋರಿಲ್ಲ. ನನ್ನದು ಕೆಟ್ರೆ ಈ ಮನೇನೇ ಮುಚ್ಚುತ್ತೆ."

ಆಡಬಾರದ ಮಾತು. ಆಡಿದವಳಿಗೂ ಗೊತ್ತಾಯಿತು. ಆದರೆ ಬಾಯಿಂದ ಬಿದ್ದದ್ದನ್ನು ಹೆಕ್ಕಿಕೊಳ್ಳುವುದಕ್ಕಾಗುತ್ತದೆಯೇ? ಅಕ್ಕ ಎದ್ದು ಅಡುಗೆಮನೆಗೆ ಹೋದಳು.

ಮರುದಿನ ಬೆಳಗ್ಗೆ ಕ್ಲಿನಿಕ್ಕಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಸ್ಪಿರಿಟ್ಟಿನ ವಾಸನೆ. ಆಪರೇಷನ್ನಿನ ಹಸಿರು ನಿಲುವಂಗಿ ತೊಟ್ಟ ತಂಗಿ ಬರಿಗಾಲಿನಲ್ಲಿ ಬೋರ್ಡಿನ ಕೆಳಗೇ ಕೂತಿದ್ದಳು. ಅತ್ತೆಗೆ ಅದರಲ್ಲೂ ವ್ಯಾಪಾರ: ನೋಡಿ, ಮಾಡಿಸಿಕೊಂಡವಳೇ ಮತ್ತೆ ಮಾಡಿಸಿಕೊಳ್ಳುತ್ತಿದ್ದಾಳೆ, ಅಷ್ಟು ಸುಲಭ ಎಂದು ಎಲ್ಲರಿಗೂ ಹೇಳುತ್ತಿದ್ದರು. ಎದುರಿಗೆ ಒಬ್ಬ ತಾಯಿ, ಪಕ್ಕದಲ್ಲಿ ಮೂಗು ಸರಿಮಾಡಿಸಿಕೊಳ್ಳಲು ಬಂದ ಆಕೆಯ ಕಾಲೇಜು ಓದುವ ಮಗಳು.

ಆಗ ಹಿರಿಸೊಸೆ ತಂಗಿಯ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮುಂದಿನ ಮೆಟ್ಟಿಲು ಇಳಿದು ಬಂದು, ತಂಗಿಯ ಪಕ್ಕದಲ್ಲಿ ಕೂತಳು. ಕೂತವರ ಕಣ್ಣುಗಳು ಬೋರ್ಡಿನಿಂದ ಅವಳಿಗೆ, ಅವಳಿಂದ ತಂಗಿಗೆ, ಮತ್ತೆ ಬೋರ್ಡಿಗೆ ಓಡಾಡಿದವು.

"ಮೇಲೆ ಹೋಗು," ಅತ್ತೆ ಹಲ್ಲು ಕಚ್ಚಿ ಅಂದರು.

"ಇಲ್ಲ ಅತ್ತೆ," ಎಂದಳು ಅವಳು. ಎದುರಿಗಿದ್ದವರ ಕಡೆ ತಿರುಗಿದಳು. "ಎಡಗಡೆ ಇರೋದು ನಾನು. ಬಲಗಡೆ ಇರೋದು ನನ್ನ ತಂಗಿ. ನಮ್ಮಿಬ್ಬರಿಗೂ ಯಾವ ಆಪರೇಷನ್ನೂ ಆಗಿಲ್ಲ."

ಅತ್ತೆ ನಕ್ಕು, ಪಾಪ, ಇವಳಿಗೆ ತಲೆ ಸರಿಯಿಲ್ಲ ಎಂದರು. ಒಳಬಾಗಿಲಲ್ಲಿ ಕೈಗವಸು ತೊಟ್ಟ ಡಾಕ್ಟರು ಹೆಂಡತಿಯತ್ತ ನೋಡದೆ ನಾದಿನಿಯನ್ನು ಒಳಕ್ಕೆ ಕರೆದರು. ಅಭ್ಯಾಸಬಲ; ತಂಗಿ ಎದ್ದು ನಿಂತಳು!

"ನಿನ್ನ ಮಗಳಿಗೆ ನನ್ನ ಮೂಗೇ ಬಂದಿದೆ ಕಣೇ," ಎಂದಳು ಅಕ್ಕ. "ದೊಡ್ಡವಳಾದ ಮೇಲೆ ಇವಳನ್ನ ಯಾವ ಕಡೆ ನಿಲ್ಲಿಸ್ತಾರೆ?"

ತಂಗಿ ಮಗುವನ್ನು ನೋಡಿದಳು. ಮಗು ಅವಳ ನಿಲುವಂಗಿಯ ದಾರ ಹಿಡಿದು ಜಗ್ಗುತ್ತಿತ್ತು. ಅವಳ ಕಣ್ಣು ತುಂಬಿ ಬಂತು. ಎದುರಿಗಿದ್ದ ಹುಡುಗಿಗೆ, "ನಾನು ಹುಟ್ಟಿದ್ದೇ ಹೀಗಮ್ಮಾ. ಈ ಮೂಗು ಇಲ್ಲಿ ಸಿಗಲ್ಲ," ಎಂದು ಹೇಳಿ ಮಗುವಿಗೆ ಕೈಚಾಚಿದಳು. ಜನ ಒಬ್ಬೊಬ್ಬರಾಗಿ ಎದ್ದರು. ಇನ್ನು ಯಾವ ಮುಖ ಇಟ್ಟುಕೊಂಡು ಈ ಮೆಟ್ಟಿಲು ಹತ್ತುತ್ತೀರೋ ನೋಡುತ್ತೇನೆ ಎಂದು ಅತ್ತೆ ಸೊಸೆಯರ ಹಿಂದಿನಿಂದ ಕೂಗುತ್ತಲೇ ಇದ್ದರು.

ಅಕ್ಕತಂಗಿಯರು ಗಾಜಿನ ಬಾಗಿಲು ತಳ್ಳಿ ಬೀದಿಗೆ ಬಂದರು. ಬಸ್ಸಿಗೆ ಕಾಯುತ್ತಿದ್ದವರು, ಹಣ್ಣಿನ ಗಾಡಿಯವನು, ಹಸಿರು ನಿಲುವಂಗಿಯತ್ತ ಒಮ್ಮೆ ಕಣ್ಣುಹಾಯಿಸಿದರಷ್ಟೆ; ಇಬ್ಬರ ಮುಖಗಳನ್ನು ಯಾರೂ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಯಾರಿಗೆ ಹೆದರಿದ್ದೆವು ಎಂದು ತಂಗಿ ನಕ್ಕಳು, ನಗುತ್ತಲೇ ಬಿಕ್ಕಿದಳು.

ಅಕ್ಕ ಮಾತ್ರ ಹಿಂತಿರುಗಿ ನೋಡಿದಳು. ಒಳಗೆ ಆ ಹುಡುಗಿ ಇನ್ನೂ ಕೂತಿದ್ದಳು. ತಾಯಿ ಕೈ ಹಿಡಿದು ಎಳೆಯುತ್ತಿದ್ದರೆ ಕೊಡವಿಕೊಳ್ಳುತ್ತಿದ್ದಳು, ಕಣ್ಣು ಬಲಗಡೆಯ ಫೋಟೋದ ಮೇಲೆಯೇ ಇತ್ತು. ಡಾಕ್ಟರು ಒಳಬಾಗಿಲನ್ನು ತೆರೆದು ಹಿಡಿದೇ ನಿಂತಿದ್ದರು.

"ನೀನು ಅಮ್ಮನ ಮನೆಗೆ ನಡಿ," ಎಂದಳು ಅಕ್ಕ.

"ನೀನು?"

"ಬರ್ತೀನಿ."

ಅವಳು ವಾಪಸು ಒಳಗೆ ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂತಳು. "ಒಳಗೆ ಹೋಗೋದಾದ್ರೆ ಹೋಗು ಮಗಳೇ, ನಾನು ತಡೆಯಲ್ಲ. ಅದಕ್ಕೆ ಮುಂಚೆ ಹಿಂದಿನ ಬಾಗಿಲಿಂದ ಬರೋರ ವಿಷಯ ಕೇಳು," ಎಂದಳು. ಒಳಬಾಗಿಲು ಹಿಡಿದು ನಿಂತವರು ತನ್ನ ಗಂಡ, ಈ ಮಾತು ಹೊರಬಿದ್ದರೆ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು, ತನಗೆ ಈ ಮನೆ ಇಂದಿಗೆ ಮುಗಿಯಿತು... ಎಲ್ಲವೂ ಅವಳಿಗೆ ಗೊತ್ತಿತ್ತು. ಟೀಚರ ಕಣ್ಣಿನಿಂದ ಶುರುಮಾಡಿದಳು.