ಎಚ್ಚರವಿದ್ದೇ ಕಂಡ ಕನಸು

"ಅಣ್ಣಾ... ಬಿಡಲ್ಲ ನಿನ್ನ!"

ಮಟಮಟ ಮಧ್ಯಾಹ್ನದಲ್ಲಿ ಆ ಕೂಗು ಕೇಳಿ ಅನಂತಲಕ್ಷ್ಮಿ ಸೌಟು ಬಿಟ್ಟು ಕೋಣೆಗೆ ಓಡಿದಳು.

ಗಂಡ ಚನ್ನಕೇಶವ ಕಣ್ಣು ಮುಚ್ಚಿಕೊಂಡೇ ಎರಡೂ ಕೈಗಳಿಂದ ಚಾಪೆ ಬಗೆಯುತ್ತಿದ್ದ! ಅವಳು ಭುಜ ಮುಟ್ಟಿದ್ದೇ ತಡ, ಅವಳ ಮುಂಗೈ ಹಿಡಿದುಕೊಂಡ. ಉಗುರು ಇಳಿದು ರಕ್ತ ಬಂತು.

"ರೀ... ನಾನು ರೀ! ಬಿಡಿ!"

ಅವನು ಕಣ್ಣು ಬಿಟ್ಟ. ರಕ್ತ ಕಂಡು ಗೋಡೆಯವರೆಗೆ ಸರಿದ.

"ಯಾಕೆ ಒಳಗೆ ಬಂದೆ? ನಾನು ಮಲಗಿದಾಗ ಹತ್ತಿರ ಬರಬೇಡ!"

ಗಂಡನನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಐವತ್ತಾರನೇ ಇಸವಿ, ಆಗಷ್ಟೇ ಮದುವೆ. ಕೆಂಗೇರಿಯ ತವರಿನಿಂದ ರಾಜಾಜಿನಗರದ ಈ ಬಾಡಿಗೆ ಮನೆಗೆ ಬಂದು ಮೂರೇ ದಿನ. ಅವನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದವನು ಮಾತಿಲ್ಲದೆ ಉಂಡು ಕೋಣೆ ಸೇರುತ್ತಿದ್ದ.

"ಭಾನುವಾರ ನಿನ್ನ ಕೆಂಗೇರಿಗೆ ಬಿಟ್ಟು ಬರ್ತೀನಿ. ಅಲ್ಲೇ ಇರು."

ಅವಳು ಅಡುಗೆಮನೆಗೆ ನಡೆದಳು. ನಾನು ಇವರಿಗೆ ಬೇಡವಾದೆನೇ? ಯಾರದೋ ಬಲವಂತಕ್ಕೆ ತಾಳಿ ಕಟ್ಟಿದರೇ?

ಒಲೆಯ ಮುಂದೆ ಕೂತು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಬಂದು ನೇರವಾಗಿ ಕೇಳಿದಳು.

"ಬೇರೆ ಯಾರಾದ್ರೂ ಮನಸಲ್ಲಿದ್ರೆ ಹೇಳಿಬಿಡಿ. ನಾನೇ ಹೋಗ್ತೀನಿ."

"ಅಯ್ಯೋ, ಹಂಗಲ್ಲ ಕಣೇ! ನಾಲ್ಕು ವರ್ಷದ ಹಿಂದೆ ಬ್ಯಾಡರಹಳ್ಳೀಲಿ ಬಾವಿ ತೋಡ್ತಾ ಇದ್ವಿ. ಅಣ್ಣ ಕೆಳಗೆ, ನಾನು ಮೇಲೆ ಹಗ್ಗ ಎಳೀತಾ ಇದ್ದೆ. ಮಣ್ಣು ಕುಸೀತು... ಬರಿಗೈಲಿ ಬಗೆದೆ. ಅಣ್ಣ ಸಿಗಲಿಲ್ಲ."

ಅವಳು ಅವನ ಎದುರು ಚಾಪೆಯ ಮೇಲೆ ಕೂತಳು.

"ದಿನಾ ಅದೇ ಕನಸು. ಒಂದ್ಸಲ ಎಬ್ಬಿಸೋಕೆ ಬಂದ ಅಮ್ಮನ ಕೈ ಮುರಿದುಬಿಟ್ಟೆ. ಇವತ್ತು ನಿನ್ನ... ದೂರ ಇದ್ರೇನೇ ನೀನು ಚೆನ್ನಾಗಿರ್ತೀಯ."

ಬೇಡವಾಗಿದ್ದಕ್ಕಲ್ಲ, ಬೇಕಾಗಿದ್ದಕ್ಕೇ ದೂರ ಇಟ್ಟರು! ಅಳುವಿನ ನಡುವೆಯೂ ಅವಳ ಮನಸ್ಸು ಹಗುರಾಯಿತು.

ಭಾನುವಾರ ಅವಳು ಟ್ರಂಕಿಗೆ ಕೈ ಹಾಕಲಿಲ್ಲ. ಪಕ್ಕದ ಮನೆಯ ಗುರುಸಿದ್ದಯ್ಯ ಮೇಷ್ಟ್ರ ಹತ್ತಿರ ಹೋಗಿ ಗಂಡನ ಕನಸಿನ ವಿಷಯ ಹೇಳಿದಳು. ಚಿತ್ರದುರ್ಗದ ಕಡೆಯ ಆ ನಿವೃತ್ತ ಮೇಷ್ಟ್ರು ಪ್ರಾಯದಿಂದಲೂ ತಮ್ಮ ಕನಸುಗಳನ್ನು ಬರೆದಿಡುತ್ತಿದ್ದರು.

"ಕನಸನ್ನ ತಡೆಯೋಕೆ ಆಗಲ್ಲವ್ವಾ. ಆದರೆ ಎಚ್ಚರ ಇಟ್ಕೊಂಡೇ ಅದರೊಳಗೆ ಹೋಗಬಹುದು," ಎಂದರು.

"ಹೇಗೆ ಮೇಷ್ಟ್ರೇ?"

"ಅಂಗಾತ ಮಲಗು. ಮೊಣಕೈ ಚಾಪೆ ಮೇಲೆ ಊರಿ ಮುಂಗೈ ಮೇಲಕ್ಕೆ ಎತ್ತಿಡು. ನಿದ್ದೆ ಬಂದಾಗ ಕೈ ಬೀಳುತ್ತೆ, ಎಚ್ಚರ ಆಗುತ್ತೆ. ಮತ್ತೆ ಎತ್ತು. ಕಣ್ಣೊಳಗೆ ಬಣ್ಣ, ಗೆರೆ, ಮುಖ ಬರ್ತವೆ. ಬೆನ್ನು ಹತ್ತಬೇಡ, ಸುಮ್ನೆ ನೋಡ್ತಿರು. ಮೈ ಕಲ್ಲಿನಂಗೆ ಭಾರ ಆದರೆ ಹೆದರಬೇಡ. ಪೂರ್ತಿ ಕನಸು ಮೂಡಿದಾಗ ನಿನ್ನ ಅಂಗೈ ನೋಡ್ಕೋ. ಬೆರಳು ಲೆಕ್ಕಕ್ಕೆ ಸಿಗಲ್ಲ. ಆಗ ಅಂದ್ಕೋ, ಇದು ಕನಸು ಅಂತ. ಆಮೇಲೆ ಅದರಲ್ಲಿ ಏನು ಮಾಡಬೇಕು ಅನ್ನೋದು ನಿನ್ನ ಕೈಲಿರುತ್ತೆ."

ತಾನು ನೋಡದ ದಾರಿಗೆ ಗಂಡನನ್ನು ಕಳಿಸುವುದು ಹೇಗೆ? ಮೊದಲು ತಾನೇ ಕಲಿಯಲು ಕೂತಳು.

ಮೊದಲ ಮಧ್ಯಾಹ್ನ ಬಿದ್ದ ಕೈ ಚೊಂಬಿಗೆ ತಗುಲಿ ಅಡುಗೆಮನೆಯೆಲ್ಲ ನೀರು! ಎರಡನೆಯ ದಿನ ಸಂಜೆಯವರೆಗೆ ಗೊರಕೆ. ಮೂರನೆಯ ದಿನ ಮೈ ಭಾರವಾದದ್ದೇ ಹೆದರಿ ಎದ್ದು ಕೂತಳು. ಆರನೆಯ ದಿನ, ಬಣ್ಣಗಳು ಒಂದಕ್ಕೊಂದು ಕೂಡಿ ಕೆಂಗೇರಿಯ ರೈಲು ನಿಲ್ದಾಣವಾದವು. ಅಂಗೈ ನೋಡಿದಳು... ಏಳು ಬೆರಳು!

"ಇದು ಕನಸು!" ಎಂದು ಕನಸಿನಲ್ಲೇ ನಕ್ಕಳು.

ಅಂದು ಚನ್ನಕೇಶವನ ಪಕ್ಕದಲ್ಲಿ ಕೂತು ಎಲ್ಲ ಹೇಳಿಕೊಟ್ಟಳು. ಅವನಿಗೆ ನಂಬಿಕೆ ಬರಲಿಲ್ಲ.

"ನಾನು ಮತ್ತೆ ಆ ಬಾವಿಗೆ ಬೇಕು ಅಂತ ಹೋಗಬೇಕಾ?"

"ದಿನಾ ಹೋಗ್ತಾನೇ ಇದೀರಲ್ಲ. ಈ ಸಲ ಗೊತ್ತಿದ್ದು ಹೋಗಿ. ನಾನು ಇಲ್ಲೇ ಇರ್ತೀನಿ."

ಹತ್ತು ದಿನ ಅದೇ ಕೂಗು, ಅದೇ ಬೆವರು. ಬೇಡ ಎಂದರೂ ಅವಳು ಕದಲಲಿಲ್ಲ.

ಹನ್ನೊಂದನೆಯ ಮಧ್ಯಾಹ್ನ ಅವನ ಎತ್ತಿದ ಕೈ ಬಿತ್ತು, ಎದ್ದಿತು, ಮತ್ತೆ ಬಿತ್ತು. ಉಸಿರು ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಬೆರಳುಗಳು ಸೆಟೆದು ಚಾಪೆಯನ್ನು ಕೆರೆಯತೊಡಗಿದವು. ಅಯ್ಯೋ, ಎಬ್ಬಿಸಿಬಿಡಲೇ? ಚಾಚಿದ ಕೈಯನ್ನು ಕಷ್ಟಪಟ್ಟು ಹಿಂದಕ್ಕೆಳೆದುಕೊಂಡಳು.

ಕೆರೆಯುವುದು ನಿಂತಿತು.

ಬೆರಳುಗಳು ಒಂದೊಂದಾಗಿ ಸಡಿಲವಾದವು. ಮುಚ್ಚಿದ ಕಣ್ಣಂಚಿನಿಂದ ನೀರು ಇಳಿಯಿತು. ಕೂಗಿಲ್ಲ!

ಅವನು ತಾನಾಗಿಯೇ ಎದ್ದ.

"ಲಕ್ಷ್ಮೀ... ಅಂಗೈ ನೋಡ್ಕೊಂಡೆ ಕಣೇ. ಬಗೆಯೋದು ನಿಲ್ಲಿಸಿ ಬಾವಿ ಅಂಚಲ್ಲಿ ಕೂತೆ. ಅಣ್ಣ ಬಂದು ಪಕ್ಕದಲ್ಲೇ ಕೂತ. ಭುಜದ ತುಂಬ ಮಣ್ಣು. 'ಸಾಕು ಬಿಡೋ, ಎಷ್ಟು ಅಂತ ಬಗೀತೀಯ' ಅಂದ."

ಅವನು ಮಗುವಿನಂತೆ ಬಿಕ್ಕಿದ. ಅವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವನು ದೂರ ಸರಿಯಲಿಲ್ಲ.

ಕಣ್ಣು ಒರೆಸಿಕೊಂಡು ಮೆಲ್ಲಗೆ ಕೇಳಿದ.

"ಹೆಣ್ಣು ನೋಡೋಕೆ ಬಂದ ದಿನ ಭಯಕ್ಕೆ ನಿನ್ನ ಮುಖಾನೇ ಸರಿಯಾಗಿ ನೋಡ್ಲಿಲ್ಲ. ಈಗ ನೋಡ್ಲಾ?"

"ನೋಡಿ," ಎಂದಳು, ನಾಚಿ ಕೆಂಪಾಗಿ. "ಇಷ್ಟ ಆಗದಿದ್ರೆ?"

"ಹೆದರಬೇಡ. ಆಗಲೇ ಆಗೋಗಿದೆ."